ಘಾಟಿಯಲ್ಲಿ ಕಾರು ವಾಲುತ್ತದೆ, ಹಿಂದೆ ದಪ್ಪ ಸ್ವೇ ಬಾರ್ ಹಾಕಿಸಲೇ?

ಪ್ರಶ್ನೆ: ನನ್ನದು 2018ರ ಸ್ವಿಫ್ಟ್, ಪೆಟ್ರೋಲ್. 78,000 ಕಿ.ಮೀ. ಓಡಿದೆ. ಮನೆ ಮೂಡಿಗೆರೆ, ಕೆಲಸ ಮಂಗಳೂರಿನಲ್ಲಿ. ಶನಿವಾರ ಸಂಜೆ ಚಾರ್ಮಾಡಿ ಘಾಟಿ ಹತ್ತುತ್ತೇನೆ, ಸೋಮವಾರ ಬೆಳಗಿನ ಜಾವ ಇಳಿಯುತ್ತೇನೆ. ತಿರುವುಗಳಲ್ಲಿ ಕಾರು ತುಂಬ ವಾಲುತ್ತದೆ. ಹೇರ್‌ಪಿನ್‌ಗಳಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಗಡೆಗೇ ಹೋದ ಹಾಗಾಗುತ್ತದೆ, ಮಳೆಯಲ್ಲಿ ಇನ್ನೂ ಹೆಚ್ಚು. ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಘಾಟಿ ಇಳಿಯುವಷ್ಟರಲ್ಲಿ ಅವರಿಗೆ ವಾಂತಿ ಶುರುವಾಗಿರುತ್ತದೆ. ಬೆಂಗಳೂರಿನ ಗೆಳೆಯ ತನ್ನ ಸೆಡಾನ್‌ಗೆ ಹಿಂದೆ 22 ಎಂಎಂ ಸ್ವೇ ಬಾರ್ (ವಾಲುವುದನ್ನು ತಡೆಯುವ ಉಕ್ಕಿನ ಸಲಾಕೆ) ಹಾಕಿಸಿದ್ದಾನೆ. ಅವನದು ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್ (ಪ್ರತಿ ಚಕ್ರಕ್ಕೂ ಬೇರೆಯೇ ತೋಳುಗಳು) ಇರುವ ಕಾರು. ಈಗ ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ ಅನ್ನುತ್ತಾನೆ. ನನ್ನ ಕಾರಿಗೆ ಫಿಟ್ಟಿಂಗ್ ಸೇರಿ 18,000 ರೂ. ಹೇಳಿದ್ದಾರೆ. ಹಾಕಿಸಬಹುದೇ? ಅಪಾಯವೇನಾದರೂ ಇದೆಯೇ? ಅಂದ ಹಾಗೆ, ಹೋದ ತಿಂಗಳು ಮುಂದಿನ ಎರಡು ಟೈರ್ ಹೊಸದು ಹಾಕಿಸಿ, ಹಳೆಯದರಲ್ಲಿ ಸುಮಾರಾಗಿದ್ದ ಎರಡನ್ನು ಹಿಂದಕ್ಕೆ ಹಾಕಿಸಿದ್ದೇನೆ. ಮುಂದೆ ಎಡಗಡೆಯಿಂದ ಹಾಳು ರಸ್ತೆಯಲ್ಲಿ ಕಟಕಟ ಅನ್ನುವ ಸದ್ದು ಬರುತ್ತದೆ, ದೊಡ್ಡದೇನೂ ಅಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಸ್ವೇ ಬಾರ್ ಬಗ್ಗೆ, ಆದರೆ ನನ್ನ ಕಣ್ಣು ನಿಂತದ್ದು "ಅಂದ ಹಾಗೆ" ಎಂದು ಬರೆದ ಕೊನೆಯ ಸಾಲುಗಳ ಮೇಲೆ. ಹೊಸ ಟೈರ್ ಮುಂದೆ, ಸವೆದದ್ದು ಹಿಂದೆ. ಈ ಸ್ಥಿತಿಯಲ್ಲಿ ಹಿಂದೆ ದಪ್ಪ ಬಾರ್ ಹಾಕಿಸಿಕೊಂಡು ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವುದು ಬೇಡವೇ ಬೇಡ. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅನ್ನುವುದು ಬಾರ್ ಕೆಲಸ ಮಾಡುವ ರೀತಿ ಗೊತ್ತಾದರೆ ನಿಮಗೇ ಹೊಳೆಯುತ್ತದೆ.

ನಿಮ್ಮ ಚಿಂತೆಯಲ್ಲಿ ಮೂರು ವಿಷಯ ಬೆರೆತಿವೆ. ಕಾರಿನ ಮೈ ವಾಲುವುದು ಒಂದು, ಮೂತಿ ಹೊರಗೆ ಹೋಗುವುದು ಇನ್ನೊಂದು, ಅಮ್ಮನ ವಾಂತಿ ಮತ್ತೊಂದು. ಮೂರಕ್ಕೂ ಒಂದೇ ಕಾರಣ, ಒಂದೇ ಮದ್ದು ಎಂದು ನಿಮಗೆ ಹೇಳಿದ್ದಾರೆ. ಮೂರರ ಮೂಲವೂ ಬೇರೆ ಬೇರೆ.

ಸ್ವೇ ಬಾರ್ ಅಂದರೆ ಇಂಗ್ಲಿಷಿನ 'ಯು' ಅಕ್ಷರದ ಹಾಗೆ ಬಗ್ಗಿಸಿದ ಸ್ಪ್ರಿಂಗ್ ಸ್ಟೀಲ್ ಸಲಾಕೆ. ನಡುಭಾಗ ಕಾರಿನ ಅಡಿಗೆ ಎರಡು ರಬ್ಬರ್ ಬುಷ್‌ಗಳಲ್ಲಿ ಕೂತಿರುತ್ತದೆ. ಎರಡು ತುದಿಗಳೂ ಲಿಂಕ್ ರಾಡ್ ಮೂಲಕ ಎಡ, ಬಲ ಚಕ್ರಗಳಿಗೆ ಸೇರಿರುತ್ತವೆ. ಎರಡು ಚಕ್ರವೂ ಒಟ್ಟಿಗೆ ಹಂಪ್ ಹತ್ತಿದರೆ ಬಾರ್ ಸುಮ್ಮನೆ ಬುಷ್‌ನಲ್ಲಿ ಹೊರಳುತ್ತದೆ, ಏನೂ ಮಾಡುವುದಿಲ್ಲ. ಒಂದು ಚಕ್ರ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋದಾಗ ಮಾತ್ರ ಅದು ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಕೈಗೆ ಹೇಗೆ ಬಿಗಿ ಸಿಗುತ್ತದೋ ಹಾಗೆ ಅದು ಎದುರು ಬಲ ಕೊಡುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರದ ಸಸ್ಪೆನ್ಷನ್ ಅದುಮಿಕೊಂಡು ಒಳಗಿನದು ಹಿಗ್ಗುತ್ತದಲ್ಲ, ಅದನ್ನು ಈ ಬಿಗಿ ತಡೆಯುತ್ತದೆ. ಮೈ ಕಡಿಮೆ ವಾಲುತ್ತದೆ. ಇಷ್ಟು ನಿಜ.

ಇಲ್ಲಿಂದ ಮುಂದೆ ತಪ್ಪು ತಿಳಿವಳಿಕೆ ಶುರುವಾಗುತ್ತದೆ. ವಾಲುವುದು ಕಡಿಮೆಯಾಯಿತು ಅಂದರೆ ಹಿಡಿತ ಹೆಚ್ಚಾಯಿತು ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ನೋಡಿ. ನಾಲ್ಕು ಜನ, ಸಾಮಾನು ಸೇರಿ ನಿಮ್ಮ ಕಾರು ಸುಮಾರು 1,200 ಕೆಜಿ ಅಂದುಕೊಳ್ಳಿ. ತೂಕದ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಇದೆ ಎನ್ನೋಣ. ಭೂಮಿಯ ಎಳೆತದ ಅರ್ಧದಷ್ಟು ಪಕ್ಕದ ಬಲ ಬೀಳುವ ಹಾಗೆ ಸ್ವಲ್ಪ ಜೋರಾಗಿ ತಿರುವು ತೆಗೆದುಕೊಂಡರೆ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ 220 ಕೆಜಿ ಭಾರ ವರ್ಗವಾಗುತ್ತದೆ. ತೂಕ, ಎತ್ತರ, ಅಗಲ ಬದಲಾಗದೆ ಈ 220 ಕೆಜಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಎಷ್ಟೇ ದಪ್ಪದ ಬಾರ್ ಹಾಕಿದರೂ ಅಷ್ಟೇ. ಈ ಭಾರದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಅನ್ನುವ ಪಾಲನ್ನು ಮಾತ್ರ ಬಾರ್ ಬದಲಿಸುತ್ತದೆ. ಹಿಂದಿನ ಬಾರ್ ಬಿಗಿ ಮಾಡಿದರೆ ಹಿಂದಿನವರ ಪಾಲು ಹೆಚ್ಚುತ್ತದೆ, ಮುಂದಿನವರದು ಇಳಿಯುತ್ತದೆ.

ಇದರಿಂದ ಏನಾಯಿತು? ಟೈರಿನ ಗುಣ ಒಂದಿದೆ. ಭಾರ ಹೆಚ್ಚಿದಂತೆ ಅದರ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ. ಅರ್ಥವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಲಾ 300 ಕೆಜಿ ಹೊತ್ತ ಎರಡು ಟೈರ್‌ಗಳು ತಲಾ 270 ಕೆಜಿಯಷ್ಟು ಪಕ್ಕದ ಹಿಡಿತ ಕೊಡುತ್ತವೆ, ಒಟ್ಟು 540. ಅದೇ ಜೋಡಿಯಲ್ಲಿ ಒಂದಕ್ಕೆ 150, ಇನ್ನೊಂದಕ್ಕೆ 450 ಬಿದ್ದರೆ ಹಗುರಾದದ್ದು 142, ಭಾರವಾದದ್ದು 370 ಕೊಡಬಹುದು. ಒಟ್ಟು 512. ಹೊತ್ತ ಭಾರ ಅಷ್ಟೇ, ಹಿಡಿತ ಕಡಿಮೆಯಾಯಿತು. ಅಂದರೆ ಹಿಂದಿನ ದಪ್ಪ ಬಾರ್ ಹಿಂದಿನ ಹಿಡಿತವನ್ನು ಕಿತ್ತುಕೊಂಡು ಮುಂದಕ್ಕೆ ಸ್ವಲ್ಪ ಕೊಡುತ್ತದೆ. ಮುಂದಿನ ಚಕ್ರಗಳೇ ಎಳೆಯುವ, ಮೂತಿ ಭಾರದ ಕಾರುಗಳಲ್ಲಿ ಮೂತಿ ಹೊರಗೆ ಹೋಗುವ ಚಾಳಿ ಇದರಿಂದ ತಗ್ಗುತ್ತದೆ. ರ‍್ಯಾಲಿ ಓಡಿಸುವವರು ಇದನ್ನು ಇಷ್ಟಪಡುವುದು ಅದಕ್ಕೇ. ಅವರಿಗೆ ಕಾರಿನ ಹಿಂಭಾಗ ಜಾರಬೇಕು, ಬೇಕೆಂದೇ ಜಾರಿಸುತ್ತಾರೆ. ಅವರ ರಸ್ತೆಯಲ್ಲಿ ಎದುರಿನಿಂದ ಕೆಎಸ್‌ಆರ್‌ಟಿಸಿ ಬಸ್ ಬರುವುದಿಲ್ಲ.

ಕಾರು ತಯಾರಿಸುವವರು ಮೂತಿ ಹೊರಗೆ ಹೋಗುವ ಗುಣವನ್ನು ಬೇಕೆಂದೇ ಇಟ್ಟಿರುತ್ತಾರೆ. ಮೂತಿ ಜಾರಿದಾಗ ಗಾಬರಿಯಾದ ಮನುಷ್ಯ ಮಾಡುವುದು ಒಂದೇ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾನೆ. ಭಾರ ಮುಂದಕ್ಕೆ ಬಂದು ಮೂತಿಗೆ ಹಿಡಿತ ಮರಳುತ್ತದೆ, ಕಾರು ದಾರಿಗೆ ಬರುತ್ತದೆ. ಹಿಂಭಾಗ ಜಾರುವ ಕಾರಿನಲ್ಲಿ ಅದೇ ಪ್ರತಿಕ್ರಿಯೆ ಮುಳುವಾಗುತ್ತದೆ. ಕಾಲು ತೆಗೆದ ಕೂಡಲೇ ಹಿಂದಿನ ಚಕ್ರಗಳು ಇನ್ನಷ್ಟು ಹಗುರಾಗಿ ಹಿಂಭಾಗ ತಿರುಗಿ ಮುಂದೆ ಬರುತ್ತದೆ. ಘಾಟಿ ಇಳಿಯುವಾಗ ಇಳಿಜಾರೇ ಭಾರವನ್ನು ಮುಂದಕ್ಕೆ ತಳ್ಳಿರುತ್ತದೆ. ಎರಡನೇ ಗೇರಿನ ಎಂಜಿನ್ ಹಿಡಿತ ಮುಂದಿನ ಚಕ್ರಗಳನ್ನಷ್ಟೇ ತಡೆಯುತ್ತಿರುತ್ತದೆ. ರಸ್ತೆ ಒದ್ದೆ. ಹಿಂದೆ ಸವೆದ ಟೈರ್. ಇದರ ಮೇಲೆ ದಪ್ಪ ಬಾರ್. ನಿಮ್ಮ 2018ರ ಕಾರಿನಲ್ಲಿ ಎಬಿಎಸ್ ಇದೆ, ಜಾರುವ ಕಾರನ್ನು ತಾನೇ ದಾರಿಗೆ ತರುವ ಇಎಸ್‌ಸಿ ಇಲ್ಲ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ಎಬಿಎಸ್ ನೋಡಿಕೊಳ್ಳುತ್ತದೆ. ಹಿಂಭಾಗ ಪಕ್ಕಕ್ಕೆ ಹೊರಟಾಗ ಕಾರನ್ನು ನೆಟ್ಟಗೆ ಮಾಡುವ ಕೆಲಸ ಅದರದ್ದಲ್ಲ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಎಳೆಸಿಕೊಂಡು ತಂದ ಹ್ಯಾಚ್‌ಬ್ಯಾಕ್‌ನ ಹಿಂದಿನ ಬಲ ಮೂಲೆ ಪೂರ್ತಿ ಒಳಗೆ ಹೋಗಿತ್ತು. ಮುಂದಿನ ಬಂಪರ್‌ಗೆ ಒಂದು ಗೀರೂ ಇರಲಿಲ್ಲ. ಹಿಂದೆ ಹೊಳೆಯುವ ಹೊಸ ಬಾರ್, ಬಣ್ಣ ಕೂಡ ಮಾಸಿರಲಿಲ್ಲ. ಮೊದಲ ಮಳೆಯ ದಿನ ಎಡ ತಿರುವಿನಲ್ಲಿ ಎದುರು ಲಾರಿ ಕಂಡು ಕಾಲು ತೆಗೆದಿದ್ದಾನೆ, ಕಾರು ಸುತ್ತಿಕೊಂಡು ಹಿಂಭಾಗ ತಡೆಗೋಡೆಗೆ ಬಡಿದಿದೆ. ಗೋಡೆ ಇದ್ದದ್ದರಿಂದ ಹುಡುಗ ಉಳಿದ. ಟೈರಿಗೆ ಬೆರಳು ಹಾಕಿ ನೋಡಿದೆ. ಹಿಂದಿನವು ಎರಡೂ ನುಣ್ಣಗೆ, ಮುಂದಿನವು ಹೊಸದು. ನಿಮ್ಮ ಹಾಗೇ ಜೋಡಿಸಿಕೊಂಡಿದ್ದ. ನಿಮ್ಮ ಪತ್ರ ಓದಿದಾಗ ಮನಸ್ಸಿಗೆ ಬಂದದ್ದು ಆ ಕಾರು.

ಹಾಗಾಗಿ ಮೊದಲ ಕೆಲಸ, ಈ ವಾರವೇ ಆ ಎರಡು ಹೊಸ ಟೈರ್‌ಗಳನ್ನು ಹಿಂದಕ್ಕೆ ಹಾಕಿಸಿ. ಎಳೆಯುವ ಚಕ್ರಕ್ಕೇ ಹೊಸ ಟೈರ್ ಇರಬೇಕು ಎಂದು ಟೈರ್ ಅಂಗಡಿಯಲ್ಲಿ ವಾದಿಸುತ್ತಾರೆ. ಎರಡೇ ಹೊಸದಿದ್ದರೆ ಅವು ಹಿಂದೆಯೇ ಇರಬೇಕು, ಟೈರ್ ತಯಾರಕರು ಹೇಳುವುದೂ ಇದನ್ನೇ. ಮುಂದಕ್ಕೆ ಬರುವ ಹಳೆಯವುಗಳ ತೋಡಿನಲ್ಲಿ ಸವೆತದ ಗುರುತಿನ ಪಟ್ಟಿ ಮೇಲ್ಮೈಗೆ ಸಮವಾಗಿದ್ದರೆ ಉಳಿದಿರುವುದು 1.6 ಎಂಎಂ ಮಾತ್ರ. ಅಂಥ ಟೈರ್ ಎಲ್ಲಿಯೂ ಬೇಡ. ನಿಮ್ಮ 18,000ದಲ್ಲಿ ಇನ್ನೆರಡು ಹೊಸ ಟೈರ್ ಬಂದು ಹಣ ಉಳಿಯುತ್ತದೆ. ಮಳೆಯಲ್ಲಿ ಮೂತಿ ಜಾರುತ್ತದೆ ಅಂದಿರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಇನ್ನು ಕಟಕಟ ಸದ್ದು. "ದೊಡ್ಡದೇನೂ ಅಲ್ಲ" ಎಂದಿದ್ದೀರಿ. ನನ್ನ ಅನುಭವದಲ್ಲಿ ಹಾಳು ರಸ್ತೆಯಲ್ಲಿ, ಒಂದೇ ಪಕ್ಕದಲ್ಲಿ, ನಿಧಾನ ವೇಗದಲ್ಲಿ ಬರುವ ಈ ಸದ್ದು ಹತ್ತರಲ್ಲಿ ಏಳು ಸಲ ಮುಂದಿನ ಸ್ವೇ ಬಾರ್‌ನ ಲಿಂಕ್ ರಾಡ್‌ನದು. ಹೊಸ ಬಾರ್ ಕೇಳುತ್ತಿದ್ದೀರಿ, ಇರುವ ಬಾರ್ ಅರ್ಧ ಕೆಲಸ ಮಾಡುತ್ತಿದೆ! ಲಿಂಕ್‌ನ ಎರಡು ತುದಿಯಲ್ಲೂ ಚಿಕ್ಕ ಬಾಲ್ ಜಾಯಿಂಟ್, ಅದರ ಮೇಲೆ ಕಪ್ಪು ರಬ್ಬರ್ ಟೋಪಿ ಇರುತ್ತದೆ. ಟೋಪಿ ಹರಿದರೆ ಗ್ರೀಸ್ ಹೋಗಿ ಕೆಸರು ಸೇರುತ್ತದೆ. ಗ್ಯಾರೇಜಿನಲ್ಲಿ ಚಕ್ರಗಳು ನೆಲದ ಮೇಲಿರುವಾಗಲೇ, ಅಂದರೆ ಪಿಟ್ ಅಥವಾ ರ‍್ಯಾಂಪ್ ಮೇಲೆ, ಲಿಂಕ್ ಹಿಡಿದು ಅಲ್ಲಾಡಿಸಿ ನೋಡಲು ಹೇಳಿ. ಬರೀ ಜ್ಯಾಕ್ ಹಾಕಿ ಒಂದು ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ಬಿಗಿಯಾಗಿಬಿಡುತ್ತದೆ, ಸಡಿಲ ಗೊತ್ತೇ ಆಗುವುದಿಲ್ಲ. ಮೆಕ್ಯಾನಿಕ್‌ಗಳು ಎಡವುವುದು ಇಲ್ಲೇ. ಹಾಕಿಸುವಾಗ ಎರಡೂ ಕಡೆಯದು ಹಾಕಿಸಿ.

ಅದೇ ಹೊತ್ತಿಗೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ, ಅಂದರೆ ಲೋವರ್ ಆರ್ಮ್ ಬುಷ್‌ಗಳನ್ನೂ ನೋಡಿಸಿ. ಘಾಟಿಯಲ್ಲೇ 78,000 ಓಡಿದ ಕಾರಿನಲ್ಲಿ ರಬ್ಬರ್ ಸೀಳಿರುವುದು ಸಾಮಾನ್ಯ. ಹೊಸ ಬುಷ್ ಹಾಕಿದರೆ ಕೊನೆಯ ಬೋಲ್ಟ್ ಬಿಗಿ ಮಾಡುವಾಗ ಕಾರಿನ ಪೂರ್ತಿ ತೂಕ ಚಕ್ರದ ಮೇಲಿರಬೇಕು. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಶಾಕ್ ಅಬ್ಸಾರ್ಬರ್‌ಗಳ ಮೈ ಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ ಅವುಗಳ ಆಯುಸ್ಸು ಮುಗಿದಿದೆ. ತಿರುವಿಗೆ ಹೊಕ್ಕ ತಕ್ಷಣ ಕಾರು ದಡಕ್ಕನೆ ವಾಲಿದರೆ ದೋಷ ಶಾಕ್‌ನದು. ನಿಧಾನವಾಗಿ ವಾಲಿ ಒಂದು ಮಟ್ಟದಲ್ಲಿ ನಿಂತರೆ ಅದು ಸ್ಪ್ರಿಂಗ್, ಬಾರ್‌ಗಳ ಸಹಜ ಗುಣ. ಮುಂದಿನ ಸಲ ಹತ್ತುವಾಗ ಇದನ್ನು ಗಮನಿಸಿ. ಈ ವ್ಯತ್ಯಾಸ ಚಾಲಕನ ಸೊಂಟಕ್ಕೆ ತಿಳಿಯುವಷ್ಟು ಯಾವ ಯಂತ್ರಕ್ಕೂ ತಿಳಿಯುವುದಿಲ್ಲ.

ಗಾಳಿಯ ವಿಷಯ. ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಸ್ಟಿಕ್ಕರ್‌ನಲ್ಲಿ ಒತ್ತಡ ಬರೆದಿರುತ್ತದೆ, ಪೂರ್ತಿ ಜನ ತುಂಬಿದಾಗ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಅದು ಸಾಕೇ ಎಂದು ನೋಡಲು ನಾನು ಬಳಸುವುದು ಶಾಲೆಯ ಸೀಮೆಸುಣ್ಣ. ಟೈರಿನ ಭುಜದ ಮೇಲೆ, ನೆಲ ಮುಟ್ಟುವ ಅಂಚಿನಿಂದ ಪಕ್ಕದ ಗೋಡೆಯವರೆಗೆ, ಒಂದು ಬೆರಳಗಲದ ಗೆರೆ ಎಳೆಯಿರಿ. ಒಣ ದಿನ, ನಿಮ್ಮ ಎಂದಿನ ವೇಗದಲ್ಲೇ ನಾಲ್ಕೈದು ತಿರುವು ಹೋಗಿ ನಿಲ್ಲಿಸಿ ನೋಡಿ. ಸುಣ್ಣ ಅಂಚಿನವರೆಗೆ ಮಾತ್ರ ಅಳಿಸಿದ್ದರೆ ಸರಿ. ಅಂಚು ದಾಟಿ ಪಕ್ಕದ ಗೋಡೆಗೂ ಇಳಿದಿದ್ದರೆ ಟೈರ್ ಮಡಚಿಕೊಂಡು ಮಲಗುತ್ತಿದೆ. ಗಾಳಿ ಕಡಿಮೆ, ಇಲ್ಲವೇ ವೇಗ ಹೆಚ್ಚು. ನೀವು ಕಾರಿನ ಮೈ ವಾಲುತ್ತಿದೆ ಅಂದುಕೊಂಡಿರುವುದರಲ್ಲಿ ಒಂದು ಪಾಲು ಈ ಟೈರಿನ ಮಡಿಕೆಯದೇ ಇರಬಹುದು.

ಅಮ್ಮನ ವಾಂತಿಗೆ ಬರೋಣ. ಹೊಟ್ಟೆ ತೊಳಸುವುದು ನಿಧಾನಗತಿಯ ತೂಗಾಟದಿಂದ. ಬ್ರೇಕು, ಆಕ್ಸಿಲರೇಟರು, ಎಡ, ಬಲ ಎಂದು ಮತ್ತೆ ಮತ್ತೆ ದೇಹ ವಾಲಾಡುವುದರಿಂದ. ಬಾರ್ ಹಾಕಿದರೆ ಮೈ ವಾಲುವ ಕೋನ ತಗ್ಗಬಹುದು, ಪಕ್ಕಕ್ಕೆ ತಳ್ಳುವ ಬಲ ತಗ್ಗುವುದಿಲ್ಲ. ಅದು ನಿಮ್ಮ ವೇಗದಿಂದ ಬರುವುದು. ಮೇಲಾಗಿ ಒಂದೇ ಚಕ್ರ ಗುಂಡಿಗೆ ಬಿದ್ದಾಗ ಬಿಗಿ ಬಾರ್ ಆ ಏಟನ್ನು ಇನ್ನೊಂದು ಪಕ್ಕಕ್ಕೂ ದಾಟಿಸುತ್ತದೆ. ಹಿಂದೆ ಕೂತವರ ತಲೆ ಎಡಕ್ಕೂ ಬಲಕ್ಕೂ ಎಗರುತ್ತದೆ. ಮಳೆಗಾಲ ಮುಗಿದ ಮೇಲೆ ಘಾಟಿ ರಸ್ತೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಸ್ಟೀರಿಂಗ್ ಒಂದೇ ಸಲ ತಿರುಗಿಸಿ ಹಿಡಿಯಿರಿ. ಮೂತಿ ಹೊರಗೆ ಹೋಗುವುದಕ್ಕೂ ಇದೇ ಅರ್ಧ ಉತ್ತರ. ಹೇರ್‌ಪಿನ್ ಒಳಗೆ ಹೋಗಿ ಬ್ರೇಕ್ ಒತ್ತುತ್ತ ಸ್ಟೀರಿಂಗ್ ತಿರುಗಿಸಿದರೆ, ಇರುವ ಹಿಡಿತವನ್ನು ಎರಡು ಕೆಲಸಕ್ಕೆ ಹಂಚಿದ ಹಾಗಾಗುತ್ತದೆ.

ಗೆಳೆಯನ ಕಾರಿನ ಮಾತು ಸುಳ್ಳಲ್ಲ. ಅವರದು ಮಲ್ಟಿಲಿಂಕ್. ಅಂಥ ಕಾರುಗಳಲ್ಲಿ ಹಿಂದೆ ಕಂಪನಿಯ ಬಾರ್ ಪ್ರತ್ಯೇಕವಾಗಿಯೇ ಇರುತ್ತದೆ, ಅದನ್ನು ತೆಗೆದು ದಪ್ಪದ್ದು ಕೂರಿಸುತ್ತಾರೆ. ಸ್ವಿಫ್ಟ್‌ನಲ್ಲಿ ಹಿಂದೆ ಇರುವುದು ಟಾರ್ಷನ್ ಬೀಮ್. ಎರಡು ಚಕ್ರದ ತೋಳುಗಳನ್ನು ಸೇರಿಸುವ ಅಡ್ಡ ಬೀಮ್ ತಾನೇ ತಿರುಚಿಕೊಂಡು ಸ್ವೇ ಬಾರ್‌ನ ಕೆಲಸ ಮಾಡುತ್ತದೆ. ಬದಲಿಸಲು ಅಲ್ಲಿ ಬಾರೇ ಇಲ್ಲ. ನಿಮಗೆ ಮಾರುತ್ತಿರುವುದು ಆ ಎರಡು ತೋಳುಗಳ ನಡುವೆ ಬೋಲ್ಟ್ ಹಾಕಿ ಬಿಗಿಯುವ ಹೆಚ್ಚುವರಿ ಸಲಾಕೆ. ಬುಷ್ ಇಲ್ಲ, ಲಿಂಕ್ ಇಲ್ಲ. ಇರುವ ಬಿಗಿಯ ಮೇಲೆ ಇನ್ನೊಂದು ಬಿಗಿ. ಅವರ 22 ಎಂಎಂಗೂ ನಿಮ್ಮ 22 ಎಂಎಂಗೂ ಹೋಲಿಕೆಯೇ ಇಲ್ಲ.

ಎಂಎಂ ಅಂಕಿಯೂ ಮೋಸ ಮಾಡುತ್ತದೆ. ಬಾರ್‌ನ ಬಿಗಿ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 19ರಿಂದ 22ಕ್ಕೆ ಹೋದರೆ ದಪ್ಪ ಹೆಚ್ಚುವುದು ಮೂರೇ ಎಂಎಂ, ಬಿಗಿ ಹೆಚ್ಚುವುದು ಶೇ 80ರಷ್ಟು. ಅದೇ 22 ಎಂಎಂ ಬಾರ್ ಒಳಗೆ ಪೊಳ್ಳಾಗಿದ್ದು ಗೋಡೆ 3 ಎಂಎಂ ಇದ್ದರೆ 19ರ ಗಟ್ಟಿ ಬಾರ್‌ಗಿಂತ ಶೇ 30ರಷ್ಟು ಮಾತ್ರ ಹೆಚ್ಚು. ತುದಿಯಲ್ಲಿ ಎರಡು ಮೂರು ತೂತು ಇರುವ ಬಾರ್‌ಗಳಲ್ಲಿ ಲಿಂಕ್ ಅನ್ನು ಒಳ ತೂತಿಗೆ ಹಾಕಿದರೆ ತೋಳು ಗಿಡ್ಡವಾಗಿ ಇನ್ನಷ್ಟು ಬಿಗಿಯಾಗುತ್ತದೆ. 200 ಎಂಎಂ ತೋಳು 180 ಆದರೆ ಶೇ 23ರಷ್ಟು. ಇದನ್ನೆಲ್ಲ ಕೇಳದೆ ಬರೀ "22 ಎಂಎಂ" ಎಂದು ಮಾರುವವರಿಂದ ಕೊಳ್ಳಬೇಡಿ.

ಇಷ್ಟಾದ ಮೇಲೂ ನಿಮಗೆ ಬಾರ್ ಬೇಕೆನ್ನಿಸಿದರೆ ನಾನು ತಡೆಯುವುದಿಲ್ಲ. ಸರಿಯಾದ ಕಾರಿಗೆ, ತಿಳಿದು ಹಾಕಿಸಿದ ಬಾರ್ ಸಂತೋಷ ಕೊಡುತ್ತದೆ, ನಾನೇ ಎಷ್ಟೋ ಕಾರುಗಳಿಗೆ ಹಾಕಿದ್ದೇನೆ. ನಾಲ್ಕೂ ಟೈರ್ ಒಂದೇ ಬ್ರಾಂಡಿನವು, ಹೆಚ್ಚುಕಡಿಮೆ ಸಮ ಸವೆತದವು ಇರಲಿ. ನಿಮ್ಮ ಮಾದರಿಗೇ ತಯಾರಾದ, ಇರುವ ತೂತುಗಳಿಗೇ ಕೂರುವ, ತೆಳುವಾದದ್ದನ್ನು ಆರಿಸಿ. ಬೀಮ್‌ಗೆ ಡ್ರಿಲ್ ಹಾಕಿಸಬೇಡಿ, ವೆಲ್ಡಿಂಗ್ ಅಂತೂ ಕೂಡದು. ತಿರುಚಿಕೊಳ್ಳಲೆಂದೇ ಮಾಡಿದ ಲೋಹಕ್ಕೆ ಬೆಂಕಿ ತಗುಲಿದ ಜಾಗದಲ್ಲೇ ಮುಂದೆ ಬಿರುಕು ಬಿಡುತ್ತದೆ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 163 ಎಂಎಂ. ಬಾರ್ ಬೀಮ್‌ಗಿಂತ ಕೆಳಗೆ ನೇತಾಡಿದರೆ ತೋಟದ ದಾರಿಯ ಕಲ್ಲು ಮೊದಲು ಮುಟ್ಟುವುದು ಅದನ್ನೇ. ಹಾಕಿಸಿ 500 ಕಿ.ಮೀ. ಆದ ಮೇಲೆ ಬೋಲ್ಟ್‌ಗಳನ್ನು ಬಿಗಿ ಅಳೆಯುವ ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿಸಿ. ಘಾಟಿಗೆ ಒಯ್ಯುವ ಮುಂಚೆ ಯಾರೂ ಇಲ್ಲದ ದೊಡ್ಡ ಬಯಲಿನಲ್ಲಿ, ಕಡಿಮೆ ವೇಗದಲ್ಲಿ, ವೃತ್ತ ಹೊಡೆಯುತ್ತ ಕಾಲು ತೆಗೆದು ನೋಡಿ. ಹಿಂಭಾಗ ಎಷ್ಟು ಬೇಗ ಹಗುರಾಗುತ್ತದೆ ಎಂದು ನಿಮ್ಮ ದೇಹಕ್ಕೆ ಮೊದಲು ಗೊತ್ತಾಗಲಿ.

ಸ್ಪ್ರಿಂಗ್ ಸುತ್ತಿನ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಿಂದೆ ಮಾತ್ರ ಹಾಕಿದರೆ ಅದೂ ಹಿಂಭಾಗವನ್ನು ಬಿಗಿ ಮಾಡುತ್ತದೆ, ಬಾರ್‌ಗೆ ಹೇಳಿದ ಅಪಾಯವೇ ಅದಕ್ಕೂ ಇದೆ. ಜೊತೆಗೆ ನೇರ ರಸ್ತೆಯ ಪ್ರತಿ ಹಂಪ್‌ನಲ್ಲೂ ಬೆನ್ನಿಗೆ ಏಟು. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವ ಸಲಹೆ ಬಂದರೆ ಆ ಗ್ಯಾರೇಜಿಗೆ ಮತ್ತೆ ಹೋಗಬೇಡಿ.

ಕಾನೂನನ್ನೂ ಕೇಳಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಬಗ್ಗೆ ಇದೆ. ವಾಹನದ ರಚನೆ ಬದಲಿಸಿ ಅದರ ಮೂಲ ಲಕ್ಷಣ ಬದಲಾಗುವಂತೆ ಮಾಡುವುದು ಮಾರ್ಪಾಡು ಎಂದು ಅದು ವಿವರಿಸುತ್ತದೆ. ತಯಾರಕರ ಮೂಲ ವಿವರಗಳಿಂದ ಬೇರೆಯಾಗುವ ಬದಲಾವಣೆ ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ. ಆರ್‌ಸಿಯಲ್ಲಿ ಸ್ವೇ ಬಾರ್ ಎಂಬ ಕಾಲಂ ಇಲ್ಲ, ಬೋಲ್ಟ್ ಹಾಕಿದ ಸಲಾಕೆ ಮಾರ್ಪಾಡಾಗುತ್ತದೆಯೇ ಎಂದು ವಾದ ಮಾಡಬಹುದು. ಆದರೆ ಅಪಘಾತವಾದ ದಿನ ವಿಮೆಯ ಸರ್ವೇಯರ್ ಎದುರು ಆ ವಾದ ಮಾಡಲು ನಿಲ್ಲುವ ಸ್ಥಿತಿ ಬೇಡ. ಹಾಕಿಸುವುದಾದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಈಗ ಮಾಡಬೇಕಾದದ್ದು ಇಷ್ಟು. ಹೊಸ ಟೈರ್ ಹಿಂದಕ್ಕೆ, ಎರಡೂ ಲಿಂಕ್ ರಾಡ್, ಬುಷ್, ಶಾಕ್‌ಗಳ ತಪಾಸಣೆ, ಕೊನೆಗೆ ವೀಲ್ ಅಲೈನ್‌ಮೆಂಟ್. ಇದೆಲ್ಲ ಆದ ಮೇಲೆ ಎರಡು ವಾರ ಎಂದಿನಂತೆ ಘಾಟಿ ಹತ್ತಿ ಇಳಿಯಿರಿ. ಆಗಲೂ ವಾಲುವುದು ಮನಸ್ಸಿಗೆ ಒಪ್ಪದಿದ್ದರೆ ಸೀಮೆಸುಣ್ಣದ ಗುರುತಿನ ಫೋಟೊ ತೆಗೆದು ನನಗೆ ಕಳಿಸಿ. ಟೈರಿನ ಪಕ್ಕದ ಗೋಡೆಯ ಮೇಲೆ ತಯಾರಾದ ವಾರ, ವರ್ಷ ಸೂಚಿಸುವ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ. ನಾಲ್ಕೂ ಟೈರಿನ ಆ ಅಂಕಿಗಳನ್ನೂ ಬರೆಯಿರಿ. ಬಾರ್ ಎಷ್ಟು ದಪ್ಪದ್ದು ಎಂದು ಆಗ ಕೂತು ಲೆಕ್ಕ ಹಾಕೋಣ.